ತೂಕಭರಿತ ಸರಾಸರಿ: ಅದಿರಿನ ದರವನ್ನು ಲೆಕ್ಕ ಹಾಕುವ ಕ್ರಮ

ಚೋರನೂರು ಹೋಬಳಿಯು ಕಬ್ಬಿಣದ ಅದಿರಿಗೆ ಹೆಸರಾದ ಸಂಡೂರು ತಾಲ್ಲೂಕಿಗೆ ಸೇರಿದೆ. ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಪಾವತಿಸುವ ರಾಜಧನ ಹಾಗೂ ಗಣಿಬಾಧಿತ ಪ್ರದೇಶಗಳ ಅಭಿವೃದ್ಧಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ನೀಡುವ ವಂತಿಗೆ, ಇವೆರಡೂ ಅದಿರಿನ ಸರಾಸರಿ ಮಾರಾಟ ದರವನ್ನು ಅವಲಂಬಿಸಿವೆ. ಈ ದರವು ಸರಳ ಸರಾಸರಿಯಲ್ಲ, ತೂಕಭರಿತ ಸರಾಸರಿಯಾಗಿರುತ್ತದೆ. ಸಾರ್ವಜನಿಕರ ಮಾಹಿತಿಗಾಗಿ ಇದರ ಲೆಕ್ಕವನ್ನು ಕೆಳಗೆ ವಿವರಿಸಲಾಗಿದೆ.

ಅರ್ಥ:
ಸರಳ ಸರಾಸರಿಯಲ್ಲಿ ಎಲ್ಲ ದರಗಳಿಗೂ ಸಮಾನ ಸ್ಥಾನವಿರುತ್ತದೆ. ತೂಕಭರಿತ ಸರಾಸರಿಯಲ್ಲಿ ಪ್ರತಿ ದರಕ್ಕೂ ಆ ದರದಲ್ಲಿ ಮಾರಾಟವಾದ ಪ್ರಮಾಣಕ್ಕೆ ತಕ್ಕಷ್ಟು ಪ್ರಾಧಾನ್ಯ ದೊರೆಯುತ್ತದೆ.

ಲೆಕ್ಕ ಹಾಕುವ ವಿಧಾನ:
1. ಪ್ರತಿ ದರವನ್ನು ಅದರ ಪ್ರಮಾಣದಿಂದ ಗುಣಿಸುವುದು.
2. ಗುಣಲಬ್ಧಗಳನ್ನು ಕೂಡಿಸುವುದು.
3. ಆ ಮೊತ್ತವನ್ನು ಒಟ್ಟು ಪ್ರಮಾಣದಿಂದ ಭಾಗಿಸುವುದು.

ಉದಾಹರಣೆ (ಅಂಕಿಗಳು ಕಾಲ್ಪನಿಕ):
ಒಂದೇ ದರ್ಜೆಯ ಅದಿರನ್ನು ಮೂರು ಗಣಿಗಳು ಮಾರಿವೆ ಎಂದು ಭಾವಿಸೋಣ.
ಗಣಿ ಅ: 1,000 ಟನ್ × ರೂ. 4,000 = ರೂ. 40,00,000
ಗಣಿ ಆ: 3,000 ಟನ್ × ರೂ. 3,600 = ರೂ. 1,08,00,000
ಗಣಿ ಇ: 6,000 ಟನ್ × ರೂ. 3,000 = ರೂ. 1,80,00,000
ಒಟ್ಟು: 10,000 ಟನ್, ರೂ. 3,28,00,000

ತೂಕಭರಿತ ಸರಾಸರಿ ಟನ್ನಿಗೆ ರೂ. 3,280. ಮೂರು ದರಗಳನ್ನಷ್ಟೇ ಕೂಡಿಸಿ ಮೂರರಿಂದ ಭಾಗಿಸಿದರೆ ರೂ. 3,533 ಬರುತ್ತದೆ. ಹೆಚ್ಚಿನ ದರಕ್ಕೆ ಮಾರಾಟವಾದ ಅದಿರು ಕೇವಲ 1,000 ಟನ್ ಆಗಿರುವುದರಿಂದ ಈ ಎರಡನೆಯ ಅಂಕಿ ವಾಸ್ತವವನ್ನು ತೋರಿಸುವುದಿಲ್ಲ.

ಪರಿಣಾಮ:
2014ರ ಸೆಪ್ಟೆಂಬರ್ 1ರಿಂದ ಕಬ್ಬಿಣದ ಅದಿರಿನ ರಾಜಧನವು ಸರಾಸರಿ ಮಾರಾಟ ದರದ ಶೇ. 15 ಆಗಿದೆ. ಮೇಲಿನ ಲೆಕ್ಕದಂತೆ 10,000 ಟನ್ನಿಗೆ ರಾಜಧನ ರೂ. 49,20,000. ಸರಳ ಸರಾಸರಿಯನ್ನು ಬಳಸಿದಲ್ಲಿ ಸುಮಾರು ರೂ. 53,00,000, ಅಂದರೆ ರೂ. 3,80,000ರಷ್ಟು ವ್ಯತ್ಯಾಸವಾಗುತ್ತದೆ. ಕಡಿಮೆ ದರಕ್ಕೆ ಮಾರಿದ ಪ್ರಮಾಣ ಅಲ್ಪವಾಗಿದ್ದಲ್ಲಿ ಇದೇ ತಪ್ಪಿನಿಂದ ಸರ್ಕಾರಕ್ಕೂ ಗ್ರಾಮಗಳಿಗೂ ನಷ್ಟವಾಗುತ್ತದೆ. 2015ರ ಜನವರಿ 12ಕ್ಕೆ ಮುಂಚಿನ ಗುತ್ತಿಗೆಗಳು ರಾಜಧನದ ಶೇ. 30ರಷ್ಟನ್ನು, ಅನಂತರ ಹರಾಜಿನ ಮೂಲಕ ನೀಡಿದ ಗುತ್ತಿಗೆಗಳು ಶೇ. 10ರಷ್ಟನ್ನು ಪ್ರತಿಷ್ಠಾನಕ್ಕೆ ಸಲ್ಲಿಸತಕ್ಕದ್ದು.

ಗಮನಿಸಬೇಕಾದ ಅಂಶ:
ಭಾರತೀಯ ಗಣಿ ಬ್ಯೂರೋ ಈ ದರವನ್ನು ಪ್ರತಿ ತಿಂಗಳು ರಾಜ್ಯವಾರು, ದರ್ಜೆವಾರು ಪ್ರಕಟಿಸುತ್ತದೆ. ಆದ್ದರಿಂದ ಒಂದು ಗಣಿಯ ಮಾರಾಟ ದರವೂ ಪ್ರಕಟಿತ ದರವೂ ಒಂದೇ ಆಗಿರಬೇಕೆಂದಿಲ್ಲ.

ರೈತರಿಗೂ ಈ ಕ್ರಮ ಉಪಯುಕ್ತ. 20 ಕ್ವಿಂಟಾಲ್ ಮೆಕ್ಕೆಜೋಳವನ್ನು ರೂ. 2,000ಕ್ಕೆ, 5 ಕ್ವಿಂಟಾಲನ್ನು ರೂ. 1,600ಕ್ಕೆ ಮಾರಿದವರಿಗೆ ದೊರೆತ ಸರಾಸರಿ ದರ ರೂ. 1,800 ಅಲ್ಲ, ರೂ. 1,920.