ತೋರಿಕೆಯ ಸಾಕುಪ್ರಾಣಿ: ಹಾಸನ ಸೀಮೆಯಲ್ಲಿ ನಿಂತು ಒಂದು ವಿವೇಚನೆ

ಮೊಬೈಲ್ ಫೋನಿನ ಆಟಗಳಲ್ಲಿ ಸಾಕುಪ್ರಾಣಿಯೊಂದನ್ನು ಬೆಳೆಸುವ ವಾಡಿಕೆಯು ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ. ಇಂಥ ವಿಷಯವು ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಸ್ಥಾನ ಪಡೆಯಲು ಅರ್ಹವೇ ಎಂದು ವಾಚಕರಿಗೆ ಸಂದೇಹ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತು. ಆದರೆ ಹೊಳೆನರಸೀಪುರದಿಂದ ಹಾಸನಕ್ಕೆ ನಿತ್ಯವೂ ರೈಲಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು, ತಾನು ಎರಡು ವರ್ಷ ಸಾಕಿದ ಇಂಥದೊಂದು ಪ್ರಾಣಿಯು ಆಟವೇ ನಿಂತುಹೋದುದರಿಂದ ಇಲ್ಲವಾಯಿತೆಂದು ತಿಳಿಸಿ, “ಅದು ಇತ್ತು ಅನ್ನೋದಕ್ಕೆ ಈಗ ಏನು ಆಧಾರ, ಸಾರ್?” ಎಂದು ಕೇಳಿದಳು. ಆಧಾರ ಯಾವುದು ಎಂಬುದೇ ಇತಿಹಾಸದ ಮೊದಲ ಪ್ರಶ್ನೆಯಾದುದರಿಂದ, ಈ ಮಾತನ್ನು ನಗೆಯಲ್ಲಿ ತೇಲಿಸಿಬಿಡುವುದು ನಮ್ಮಿಂದಾಗಲಿಲ್ಲ. ಈ ಪ್ರಾಣಿಗಳು ಹೇಗೆ ಬಂದುವು, ಎಲ್ಲಿರುತ್ತವೆ, ಹೋದ ಮೇಲೆ ಏನು ಉಳಿಯುತ್ತದೆ ಎಂಬ ಮೂರು ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸುವೆವು.

ತೋರಿಕೆಯ ಪ್ರಾಣಿಯನ್ನು ಸಾಕುವ ಆಟವು ಲೋಕವಿಖ್ಯಾತವಾದುದು ಜಪಾನಿನ ಬಂದೈ ಕಂಪನಿಯು ೧೯೯೬ರ ನವೆಂಬರಿನಲ್ಲಿ ಹೊರತಂದ ತಮಗೋಚಿಯಿಂದ. ಮೊಟ್ಟೆಯಾಕಾರದ ಸಣ್ಣ ಯಂತ್ರ. ಅದರಲ್ಲಿ ಮೂರು ಗುಂಡಿಗಳು. ಹೊತ್ತುಹೊತ್ತಿಗೆ ಉಣಿಸದಿದ್ದರೆ ಒಳಗಿನ ಪ್ರಾಣಿಯು ಸಾಯುತ್ತಿದ್ದಿತು. ಅದು ಯಂತ್ರದೊಳಗೇ ಇದ್ದಿತಲ್ಲದೆ ನಮ್ಮ ಮನೆಯ ನೆಲದ ಮೇಲೆ ಇಳಿದಿರಲಿಲ್ಲ. ನಿಜವಾದ ಕೋಣೆಯ ಚಿತ್ರದ ಮೇಲೆ ಕಲ್ಪಿತ ಪ್ರಾಣಿಯನ್ನು ಕೂರಿಸಿ ತೋರಿಸುವ ವಿದ್ಯೆಗೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ‘ವರ್ಧಿತ ವಾಸ್ತವ’ ಎನ್ನುವರು. ೨೦೦೯ರಲ್ಲಿ ಸೋನಿ ಕಂಪನಿಯ ‘ಐಪೆಟ್’ ಎಂಬ ಆಟವು ಈ ವಿದ್ಯೆಯನ್ನು ಮನೆಯ ಟೆಲಿವಿಷನ್ನಿಗೆ ತಂದಿತು. ೨೦೧೬ರ ಜುಲೈಯಲ್ಲಿ ಬಂದ ‘ಪೋಕೆಮಾನ್ ಗೋ’ ಅದನ್ನು ಬೀದಿಗೆ ತಂದಿತು. ಭಾರತದಲ್ಲಿ ಈ ಆಟವು ಅಧಿಕೃತವಾಗಿ ಪ್ರಾರಂಭವಾದುದು ಅದೇ ವರ್ಷದ ಡಿಸೆಂಬರ್ ೧೪ರಂದು. ಹಿಡಿದ ಪ್ರಾಣಿಗಳಲ್ಲಿ ಒಂದನ್ನು ಸಂಗಾತಿಯಾಗಿ ಆರಿಸಿಕೊಂಡು ನಡೆಯುವ ಏರ್ಪಾಡು ೨೦೧೬ರ ಸೆಪ್ಟೆಂಬರಿನಲ್ಲಿಯೂ, ಅದಕ್ಕೆ ಉಣಿಸಿ, ಮೈದಡವಿ, ಆಡಿಸುವ ಏರ್ಪಾಡು ೨೦೧೯ರ ಡಿಸೆಂಬರಿನಲ್ಲಿಯೂ ಸೇರಿದುವು. ಕೊನೆಗೆ ಸಾಕಣೆಯನ್ನೇ ಮುಖ್ಯವಾಗಿ ಉಳ್ಳ ‘ಪೆರಿಡಾಟ್’ ೨೦೨೩ರ ಮೇ ೯ರಂದು ಪ್ರಕಟವಾಯಿತು. ಇದರಲ್ಲಿ ಪ್ರಾಣಿಯು ಮೊಟ್ಟೆಯೊಡೆದು ಮರಿಯಾಗಿ, ಹರೆಯವನ್ನು ದಾಟಿ, ಪ್ರೌಢಾವಸ್ಥೆಗೆ ಬರುತ್ತದೆ. ಹುಲ್ಲು, ಮರಳು, ನೀರು ಇವುಗಳನ್ನು ಕ್ಯಾಮೆರಾದ ಮೂಲಕ ಗುರುತಿಸಿ ಆಯಾ ನೆಲಕ್ಕೆ ತಕ್ಕ ಮೇವನ್ನು ಹುಡುಕುತ್ತದೆ.

ಈ ಪ್ರಾಣಿಯು ಅಂಗಳದಲ್ಲಿ ನಿಂತಂತೆ ತೋರುವುದು ಹೇಗೆ? ಫೋನಿನ ಕ್ಯಾಮೆರಾವು ನೆಲ, ಗೋಡೆ, ಮೆಟ್ಟಿಲುಗಳ ಅನೇಕ ಬಿಂದುಗಳನ್ನು ಗುರುತಿಟ್ಟುಕೊಳ್ಳುತ್ತದೆ. ಕೈಯ ಚಲನೆಯನ್ನೂ ಓಲಾಟವನ್ನೂ ಅಳೆಯುವ ಸೂಕ್ಷ್ಮ ಸಾಧನಗಳು ಅದರೊಳಗೆ ಇರುತ್ತವೆ. ಇವೆರಡರ ಲೆಕ್ಕವನ್ನು ಕೂಡಿಸಿ ಪ್ರತಿಕ್ಷಣವೂ ಪ್ರಾಣಿಯ ಚಿತ್ರವನ್ನು ತಕ್ಕ ಸ್ಥಳದಲ್ಲಿ, ತಕ್ಕ ಗಾತ್ರದಲ್ಲಿ ಬರೆಯಲಾಗುತ್ತದೆ. ಆಟಗಾರನು ಯಾವ ಊರಿನ ಯಾವ ಬೀದಿಯಲ್ಲಿರುವನೆಂಬುದನ್ನು ಮಾತ್ರ ಆಕಾಶವೇ ಹೇಳಬೇಕು. ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತಗಳಿಂದ ಫೋನು ತನ್ನ ಸ್ಥಾನವನ್ನು ಗುಣಿಸಿಕೊಳ್ಳುತ್ತದೆ. ಹಾಸನದವರಿಗೆ ಇದು ತೀರ ದೂರದ ಸಂಗತಿಯಲ್ಲ. ೧೯೮೨ರಲ್ಲಿ ಇಲ್ಲಿ ಸ್ಥಾಪಿತವಾದ ಇಸ್ರೋ ಸಂಸ್ಥೆಯ ಕೇಂದ್ರವನ್ನು ಊರಿನವರೆಲ್ಲ ಎಂ.ಸಿ.ಎಫ್. ಎಂದೇ ಕರೆಯುವರು. ನಮ್ಮ ದೇಶದ ಸ್ಥಾನಸೂಚಕ ವ್ಯವಸ್ಥೆಯ ಉಪಗ್ರಹಗಳನ್ನು ಕಕ್ಷೆಯಲ್ಲಿ ನೋಡಿಕೊಳ್ಳುವ ಕಾರ್ಯವೂ ಇಲ್ಲಿಂದಲೇ ನಡೆದುಬಂದಿದೆ.

ಆದರೆ ಪ್ರಾಣಿಯು ಇರುವುದು ಅಂಗಳದಲ್ಲಿಯೂ ಅಲ್ಲ, ಫೋನಿನಲ್ಲಿಯೂ ಅಲ್ಲ. ಅದರ ಹೆಸರು, ವಯಸ್ಸು, ಬಣ್ಣ, ವಂಶ ಇವೆಲ್ಲವೂ ಕಂಪನಿಯ ಸರ್ವರುಗಳಲ್ಲಿ ದಾಖಲೆಯಾಗಿರುತ್ತವೆ. ಇಂಥ ಆಟಗಳ ಕರಾರಿನಲ್ಲಿ ಆಟಗಾರನಿಗೆ ಸಾಮಾನ್ಯವಾಗಿ ದೊರೆಯುವುದು ಬಳಸುವ ಅನುಮತಿಯೇ ಹೊರತು ಒಡೆತನವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಯನ್ನು ಕಂಡವರಿಗೆ ಈ ಭೇದವು ಸುಲಭವಾಗಿ ಮನವರಿಕೆಯಾಗುವುದು. ಅಲ್ಲಿ ರೈತನು ಹಳ್ಳಿಕಾರ್ ಹೋರಿಯ ಹಲ್ಲು ನೋಡಿ ವಯಸ್ಸನ್ನು ತಿಳಿಯುತ್ತಾನೆ, ಸುಳಿ ನೋಡಿ ಲಕ್ಷಣವನ್ನು ಹೇಳುತ್ತಾನೆ, ಜೋಡಿ ಹೊಂದುವುದೇ ಎಂದು ನಡಿಗೆಯನ್ನು ಪರೀಕ್ಷಿಸುತ್ತಾನೆ. ಹಗ್ಗವು ಕೈ ಬದಲಾದೊಡನೆ ಒಡೆತನವೂ ಬದಲಾಗುತ್ತದೆ. ಮಾರಿದವನು ಮರುದಿನ ಅಂಗಡಿ ಮುಚ್ಚಿದರೆ ಕೊಂಡವನ ಕೊಟ್ಟಿಗೆಯ ಎತ್ತು ಮಾಯವಾಗದು. ತೋರಿಕೆಯ ಪ್ರಾಣಿಯ ಹಗ್ಗವಾದರೋ ಎಂದೆಂದಿಗೂ ಮಾರಿದವನ ಕೈಯಲ್ಲಿಯೇ ಇರುತ್ತದೆ.

ಇದಕ್ಕೆ ನಿದರ್ಶನವೂ ಉಂಟು. ೨೦೧೯ರಲ್ಲಿ ಪ್ರಾರಂಭವಾದ ‘ಮೈನ್‌ಕ್ರಾಫ್ಟ್ ಅರ್ತ್’ ಎಂಬ ವರ್ಧಿತ ವಾಸ್ತವದ ಆಟದಲ್ಲಿ ಕೋಳಿ, ಹಂದಿ ಮೊದಲಾದ ವಿಚಿತ್ರ ಜಾತಿಯ ಪ್ರಾಣಿಗಳನ್ನು ಸಂಗ್ರಹಿಸಿ ತಾವು ಕಟ್ಟಿದ ಆವರಣಗಳಲ್ಲಿ ಇರಿಸಿಕೊಳ್ಳಬಹುದಾಗಿತ್ತು. ೨೦೨೧ರ ಜೂನ್ ೩೦ರಂದು ಅದು ಮುಚ್ಚಿತು. ಆಟಗಾರರ ದಾಖಲೆಗಳಲ್ಲಿ ಬಹುಭಾಗವನ್ನು ಅಳಿಸಲಾಗುವುದೆಂದು ಮೊದಲೇ ಪ್ರಕಟಿಸಲಾಗಿತ್ತು. ಅಲ್ಲಿದ್ದ ಪ್ರಾಣಿಗಳಲ್ಲಿ ಒಂದಾದರೂ ಸಾಯಲಿಲ್ಲ. ಸಾವೆಂಬುದು ಒಂದು ಘಟನೆ. ಅದಕ್ಕೆ ತಿಥಿಯುಂಟು, ಸಾಕ್ಷಿಯುಂಟು. ಇಲ್ಲಿ ನಡೆದುದು ಕಡತದ ನಾಶ.

ಪ್ರಾಣಿಯ ನೆನಪನ್ನು ಉಳಿಸಬೇಕೆಂಬ ಹಂಬಲವು ನಮ್ಮ ನಾಡಿನಲ್ಲಿ ಬಹು ಹಳೆಯದು. ನೆರೆಯ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೪೯–೫೦ರ ಶಾಸನವನ್ನು ವಿದ್ಯಾರ್ಥಿಗಳು ಬಲ್ಲರು. ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನನ್ನು ಮೆಚ್ಚಿದಾಗ, ಆತನು ಬೇಡಿದುದು ಕಾಳಿ ಎಂಬ ಬೇಟೆಯ ನಾಯನ್ನು. ಮುಂದೆ ಕಾಳಿಯು ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತುವು. ಮಣಲೆರನು ಕಲ್ಲನ್ನು ನಿಲ್ಲಿಸಿದನು. ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳಾಚೆಯ ನಾಯಿಯೊಂದರ ಹೆಸರನ್ನು ನಾವು ಇಂದು ಹೇಳಬಲ್ಲೆವಾದರೆ, ಅದಕ್ಕೆ ಕಾರಣ ಸಾಕಿದವನೇ ಅದನ್ನು ಬರೆಯಿಸಿದುದು. ನಿರ್ಜೀವ ಪ್ರಾಣಿಯ ವಿಷಯದಲ್ಲಿಯೂ ಮನುಷ್ಯನು ಹೀಗೆ ನಡೆದುಕೊಂಡುದುಂಟು. ಸೋನಿ ಕಂಪನಿಯು ೧೯೯೯ರಲ್ಲಿ ಹೊರತಂದ ‘ಐಬೋ’ ಯಂತ್ರನಾಯಿಗಳ ದುರಸ್ತಿಯನ್ನು ೨೦೧೪ರಲ್ಲಿ ನಿಲ್ಲಿಸಿತು. ಅನಂತರ ಜಪಾನಿನ ಇಸುಮಿ ಎಂಬಲ್ಲಿನ ಕೋಫುಕುಜಿ ಬೌದ್ಧ ದೇವಾಲಯದಲ್ಲಿ ಅವುಗಳಿಗೆ ಸಂಸ್ಕಾರ ನಡೆಯತೊಡಗಿತು. ೨೦೧೮ರ ಏಪ್ರಿಲಿನಲ್ಲಿ ಒಮ್ಮೆಗೇ ೧೧೪ ನಾಯಿಗಳಿಗೆ ನಡೆಯಿತು.

ಇನ್ನೊಂದು ಸಂಗತಿಯನ್ನು ಅಧ್ಯಾಪಕರು ಗಮನಿಸಬೇಕು. ಪೋಕೆಮಾನ್ ಗೋ ಆಟದ ನಿಲ್ದಾಣಗಳು ಬಹುಮಟ್ಟಿಗೆ ‘ಇನ್‌ಗ್ರೆಸ್’ ಎಂಬ ಹಿಂದಿನ ಆಟದಿಂದ ಬಂದುವು. ಅದರ ಆಟಗಾರರು ತಮ್ಮೂರಿನ ಗುಡಿ, ಪ್ರತಿಮೆ, ಸ್ಮಾರಕಗಳನ್ನು ಸೂಚಿಸಿದ್ದರು. ಸೂಚಿಸುವವರು ಹೆಚ್ಚಾಗಿದ್ದ ನಗರಗಳು ನಕ್ಷೆಯಲ್ಲಿ ತುಂಬಿದುವು, ಹಳ್ಳಿಗಳು ಬರಿದಾಗಿ ಉಳಿದುವು. ನಮ್ಮ ತಾಲ್ಲೂಕುಗಳ ಸ್ಥಿತಿಯನ್ನು ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದೊಡನೆ ಹೋಲಿಸಿ ನೋಡಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಣ್ಣ ಸಣ್ಣ ಗ್ರಾಮಗಳ ಕಲ್ಲುಗಳೂ ಅದರಲ್ಲಿ ಸೇರಿವೆ. ಊರೂರಿಗೆ ಹೋಗಿ ನೋಡಿದವರ ನಕ್ಷೆ ಒಂದು. ಬಂದಷ್ಟನ್ನು ಕೂಡಿಸಿಕೊಂಡ ನಕ್ಷೆ ಇನ್ನೊಂದು. ಎಲ್ಲ ದಾಖಲೆಗಳಲ್ಲಿಯೂ ಈ ಪಕ್ಷಪಾತವನ್ನು ಶೋಧಿಸುವುದು ಇತಿಹಾಸಕಾರನ ಕರ್ತವ್ಯ.

ಆದುದರಿಂದ ಈ ಆಟವನ್ನು ಹಳಿಯುವುದರಲ್ಲಿಯೂ ಹೊಗಳುವುದರಲ್ಲಿಯೂ ನಮಗೆ ಆಸಕ್ತಿಯಿಲ್ಲ. ಆಡುವವರು ರಸ್ತೆಯನ್ನೂ ರೈಲುಹಳಿಯನ್ನೂ ಮರೆಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಸಲಹೆಯು ಇಷ್ಟೆ: ತೋರಿಕೆಯ ಪ್ರಾಣಿಯನ್ನು ಸಾಕುವ ವಿದ್ಯಾರ್ಥಿಯು ಕಾಗದದ ಪುಸ್ತಕವೊಂದನ್ನೂ ಇಟ್ಟುಕೊಳ್ಳಲಿ. ಪ್ರಾಣಿಯ ಹೆಸರು, ಮೊಟ್ಟೆಯೊಡೆದ ದಿನ, ಅದರೊಡನೆ ನಡೆದ ಬೀದಿಗಳು, ದಾರಿಯಲ್ಲಿ ಕಂಡ ಗುಡಿ, ವೀರಗಲ್ಲು, ಕೆರೆ ಇವನ್ನು ಬರೆದಿಡಲಿ. ಪರದೆಯ ಚಿತ್ರಗಳನ್ನು ಮುದ್ರಿಸಿ ಅಂಟಿಸಲಿ. ಆ ಪುಸ್ತಕವು ಅವನ ಸ್ವಂತದ್ದು. ಅದನ್ನು ಯಾವ ಕಂಪನಿಯೂ ಮುಚ್ಚಲಾರದು.

ಮೇಲೆ ಹೇಳಿದ ವಿದ್ಯಾರ್ಥಿನಿಯು ತನ್ನ ಫೋನಿನಲ್ಲಿ ಹುಡುಕಿ, ಹೊಳೆನರಸೀಪುರದ ನಿಲ್ದಾಣದ ಬೆಂಚಿನ ಮೇಲೆ ತನ್ನ ಪ್ರಾಣಿಯು ಕುಳಿತಿರುವ ಒಂದೇ ಒಂದು ಚಿತ್ರವನ್ನು ಕಂಡುಕೊಂಡಳು. ಅದರ ಹಿಂದೆ ಹೆಸರನ್ನೂ ತಾರೀಖನ್ನೂ ಬರೆದು ನಮಗೆ ತೋರಿಸಿದಳು. ಆಧಾರವೆಂದರೆ ಇದೇ ಎಂದು ನಾವು ಹೇಳಿದೆವು.