ಪದದ ಜೊತೆಗೆ ವಾಕ್ಯವನ್ನೂ ಕಲಿಯಿರಿ

ಇಂಗ್ಲಿಷ್ ಪದಗಳನ್ನು ಅರ್ಥಸಹಿತ ಬಾಯಿಪಾಠ ಮಾಡಿಯೂ ಸಂದರ್ಶನದಲ್ಲಿ ನಾಲಿಗೆ ತಡವರಿಸುತ್ತದೆಯೆ? ದೋಷ ನಿಮ್ಮ ನೆನಪಿನ ಶಕ್ತಿಯದಲ್ಲ, ಕಲಿತ ಕ್ರಮದ್ದು.

‘ಡಿಸ್ಕಸ್’ ಎಂದರೆ ಚರ್ಚಿಸು. ಕನ್ನಡದಲ್ಲಿ ‘ಪರೀಕ್ಷೆಯ ಬಗ್ಗೆ ಚರ್ಚಿಸಿದೆವು’ ಎನ್ನುತ್ತೇವೆ. ಅದೇ ಜಾಡಿನಲ್ಲಿ ಇಂಗ್ಲಿಷಿನಲ್ಲೂ ‘ಅಬೌಟ್’ ಸೇರಿಸಿಬಿಡುತ್ತೇವೆ. ‘ವಿ ಡಿಸ್ಕಸ್ಡ್ ದಿ ಎಕ್ಸಾಮ್’ ಎಂಬ ವಾಕ್ಯವನ್ನೇ ಕಲಿತಿದ್ದರೆ ಈ ತಪ್ಪಾಗುವುದಿಲ್ಲ. ‘ಬಾರೋ’, ‘ಲೆಂಡ್’ ಎರಡಕ್ಕೂ ನಮಗೆ ‘ಸಾಲ’ ಎಂದೇ ಹೊಳೆಯುತ್ತದೆ. ‘ಮೇ ಐ ಬಾರೋ ಯುವರ್ ಪೆನ್?’ ಎಂಬಲ್ಲಿ ‘ಬಾರೋ’ ಪಡೆಯುವವರ ಕ್ರಿಯೆ; ‘ಪ್ಲೀಸ್ ಲೆಂಡ್ ಮಿ ಯುವರ್ ಪೆನ್’ ಎಂಬಲ್ಲಿ ‘ಲೆಂಡ್’ ಕೊಡುವವರದು. ವ್ಯತ್ಯಾಸ ತಿಳಿಯುವುದು ವಾಕ್ಯದಲ್ಲೇ.

1884ರಲ್ಲಿ ಮೊದಲ ಕಂತು ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ, ಓದುಗರು ಚೀಟಿಗಳಲ್ಲಿ ಬರೆದು ಕಳಿಸಿದ ವಾಕ್ಯಗಳನ್ನು ಆಧರಿಸಿಯೇ ಪದಗಳ ಅರ್ಥಗಳನ್ನು ವಿಂಗಡಿಸಿದರು. ನೀವೂ ಚೀಟಿ ಮಾಡಿಕೊಳ್ಳಿ. ಒಂದು ಬದಿಯಲ್ಲಿ ಪದ; ಇನ್ನೊಂದು ಬದಿಯಲ್ಲಿ ಎರಡು ವಾಕ್ಯ. ಒಂದು ನೀವು ಓದಿದ್ದು, ಮತ್ತೊಂದು ನಿಮ್ಮ ಮನೆ, ಊರಿನ ಬಗ್ಗೆ ನೀವೇ ರಚಿಸಿದ್ದು. ಅದನ್ನು ಅಧ್ಯಾಪಕರಿಗೆ ತೋರಿಸಿ ತಿದ್ದಿಸಿಕೊಳ್ಳಿ.

ಮರೆವು ಕಲಿತ ಹೊಸದರಲ್ಲೇ ಹೆಚ್ಚು. ಆದ್ದರಿಂದ ಮರುದಿನ ಒಮ್ಮೆ, ವಾರದ ಬಳಿಕ ಇನ್ನೊಮ್ಮೆ ಪದವನ್ನಷ್ಟೇ ನೋಡಿ ವಾಕ್ಯ ಹೇಳಿ. ದಿನಕ್ಕೆ ಮೂರೇ ಪದ ಸಾಕು. ಆ ಮೂರೂ ನಿಮ್ಮವಾಗಲಿ.