ಟೀವಿಯೊಳಗಿನ ಬೀಗ

ಟೀವಿ ಕೊಳ್ಳಹೋದವರು ಪರದೆಯ ಅಳತೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಬೆಲೆಗೆ ಚೌಕಾಸಿ ಮಾಡುತ್ತಾರೆ. ಹಿಂಬದಿಯ ಪೋರ್ಟ್‌ಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಆದರೆ ದುಡ್ಡು ಕೊಟ್ಟು ತಂದ ಚಿತ್ರ ತೆರೆಯ ಮೇಲೆ ಮೂಡಬೇಕಾದರೆ ಅಲ್ಲಿರುವ, ಕಣ್ಣಿಗೆ ಕಾಣದ ಬೀಗವೊಂದು ತೆರೆಯಬೇಕು.

ಈ ಬೀಗದ ಕಥೆ ವಿಡಿಯೋ ಕ್ಯಾಸೆಟ್ ಕಾಲದ್ದು. ಮನೆಯಲ್ಲೇ ಟೀವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಸೋನಿ ಯಂತ್ರದ ವಿರುದ್ಧ ಹಾಲಿವುಡ್ ಸ್ಟುಡಿಯೋಗಳು ಹೂಡಿದ ದಾವೆಯಲ್ಲಿ, 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೋನಿಯ ಪರ ತೀರ್ಪಿತ್ತಿತು. ಮರುವರ್ಷ 'ಮ್ಯಾಕ್ರೋವಿಷನ್' ಅಳವಡಿಸಿದ ಕ್ಯಾಸೆಟ್ಟು ಮಾರುಕಟ್ಟೆಗೆ ಬಂತು. ಅದನ್ನು ನೋಡಬಹುದಿತ್ತು, ನಕಲು ಮಾಡಿದರೆ ಚಿತ್ರ ಕೆಡುತ್ತಿತ್ತು.

ಡಿಜಿಟಲ್ ಯುಗದಲ್ಲಿ ಚಿಂತೆ ಹೆಚ್ಚಿತು. ಕ್ಯಾಸೆಟ್ಟಿನ ನಕಲು ಮಸುಕಾಗುತ್ತಿತ್ತು. ಅಂಕಿಗಳ ನಕಲು ಮೂಲದಷ್ಟೇ ಸ್ವಚ್ಛ. ಹೀಗಾಗಿ 1999ರ ಡಿವಿಐ, 2002ರ ಎಚ್‌ಡಿಎಂಐ ಸಂಪರ್ಕಗಳ ಜೊತೆಗೆ ಇಂಟೆಲ್ ಕಂಪನಿ ರೂಪಿಸಿದ 'ಎಚ್‌ಡಿಸಿಪಿ' ಬೀಗ ಬಳಕೆಗೆ ಬಂತು. ಪ್ಲೇಯರ್ ಮೊದಲು ಟೀವಿಯ ಗುರುತು ಕೇಳುತ್ತದೆ. ಇಬ್ಬರಲ್ಲೂ ಇರುವ ರಹಸ್ಯ ಸಂಖ್ಯೆಗಳ ಲೆಕ್ಕ ತಾಳೆಯಾದರೆ ಮಾತ್ರ ಚಿತ್ರವನ್ನು ಗೂಢಲಿಪಿಯಲ್ಲಿ ಕಳುಹಿಸುತ್ತದೆ. ತಾಳೆಯಾಗದಿದ್ದರೆ ಪರದೆ ಕಪ್ಪಾಗಬಹುದು, ಇಲ್ಲವೇ ಚಿತ್ರದ ಗುಣಮಟ್ಟ ಇಳಿಯಬಹುದು.

ಪೆಟ್ಟು ಬಿದ್ದದ್ದು ಮೊದಲೇ ಕೊಂಡವರಿಗೆ. ಅಮೆರಿಕದಲ್ಲಿ ಎಲ್ಲರಿಗಿಂತ ಮುಂಚೆ ದುಬಾರಿ ಎಚ್‌ಡಿ ಟೀವಿ ತಂದವರ ಸೆಟ್ಟುಗಳಲ್ಲಿ ಎಷ್ಟೋ ಕಡೆ ಹಳೆಯ ಅನಲಾಗ್ ಸಂಪರ್ಕ ಮಾತ್ರ ಇತ್ತು. 2013ರ ಬಳಿಕ ತಯಾರಾದ ಬ್ಲೂ-ರೇ ಪ್ಲೇಯರುಗಳು ಆ ದಾರಿಯನ್ನೂ ಮುಚ್ಚಿದವು. ಮೊದಮೊದಲ 4ಕೆ ಟೀವಿಗಳ ಪಾಡೂ ಇದೇ: ಅನೇಕ ಸೆಟ್ಟುಗಳು ಆಮೇಲೆ ಬಂದ 2.2 ಆವೃತ್ತಿಯ ಬೀಗವನ್ನು ಅರಿಯದೆ 4ಕೆ ಡಿಸ್ಕುಗಳಿಗೆ ಪರಕೀಯವಾದವು.

ಇಷ್ಟೆಲ್ಲ ಮಾಡಿಯೂ ಕಳ್ಳತನ ನಿಂತಿತೆ? 2010ರಲ್ಲಿ ಮೊದಲ ಪೀಳಿಗೆಯ ಬೀಗದ ಮೂಲ ಕೀಲಿಯೇ ಅಂತರಜಾಲದಲ್ಲಿ ಬಯಲಾಯಿತು; ಅದು ನಿಜವಾದ ಕೀಲಿಯೆಂದು ಇಂಟೆಲ್ ಒಪ್ಪಿಕೊಂಡಿತು. ಕಳ್ಳನಿಗೆಂದು ಹಾಕಿದ ಬೀಗ ಮನೆಯೊಡೆಯನನ್ನೇ ಹೊರಗೆ ನಿಲ್ಲಿಸಿತ್ತು.

ಟೀವಿ ಕೊಳ್ಳುವವರು ಇದರಿಂದ ಕಲಿಯಬೇಕಾದದ್ದು ಇಷ್ಟು: ಕೇಬಲ್ ಪೋರ್ಟ್‌ಗೆ ಹೊಂದಿದ ಮಾತ್ರಕ್ಕೆ ಬೀಗ ಹೊಂದಿತೆನ್ನಲಾಗದು. ಎಚ್‌ಡಿಸಿಪಿ ಯಾವ ಆವೃತ್ತಿಯದು, ಅದು ಎಲ್ಲ ಪೋರ್ಟ್‌ಗಳಲ್ಲೂ ಇದೆಯೇ ಅಥವಾ ಒಂದರಲ್ಲಿ ಮಾತ್ರವೇ ಎಂದು ಕೈಪಿಡಿಯಲ್ಲಿ ನೋಡಬೇಕು. ನಡುವೆ ಧ್ವನಿವರ್ಧಕದ ಪೆಟ್ಟಿಗೆಯೊಂದು ಇದ್ದರೆ ಅದಕ್ಕೂ ಇದೇ ಪರೀಕ್ಷೆ. ಸರಪಳಿಯಲ್ಲಿ ಒಂದು ಕೊಂಡಿ ಹಳೆಯದಾದರೂ ಸಾಕು, ಹೊಸ ಟೀವಿಯ ಮುಂದೆ ಕುಳಿತವರಿಗೆ ಕಾಣುವುದು ಕತ್ತಲೆಯೇ.